ಮಿಡ್‌ಸೈಜ್ ಎಸ್‌ಯುವಿ: ಆಫ್‌ರೋಡ್‌ಗೆ ಗ್ರೌಂಡ್ ಕ್ಲಿಯರೆನ್ಸ್ ನೋಡಿದರೆ ಸಾಕಾ?

ಪ್ರಶ್ನೆ:
ಫಾರ್ಚುನರ್, ರ‍್ಯಾಂಗ್ಲರ್ ರುಬಿಕಾನ್, ಡಿಫೆಂಡರ್ 110, ಜೊತೆಗೆ ಸ್ವಲ್ಪ ಚಿಕ್ಕದಾದ ಕಂಪಾಸ್ ಟ್ರೈಲ್‌ಹಾಕ್. ನಾಲ್ಕರ ಬ್ರೋಶರ್ ಹರಡಿಕೊಂಡು ಕೂತಿದ್ದೇನೆ. ಕಲ್ಲು, ಕೆಸರು, ಹಳ್ಳ ಇರುವ ದಾರಿಗೆ ಬೇಕು. ಸದ್ಯಕ್ಕೆ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ಹೊಟ್ಟೆ ಎಷ್ಟು ಎತ್ತರ) ಒಂದನ್ನೇ ಹೋಲಿಸುತ್ತಿದ್ದೇನೆ. ಬೇರೇನು ನೋಡಬೇಕು?

ಉತ್ತರ:
ಅದೊಂದೇ ಸಾಕಾಗಲ್ಲ. ನನ್ನ ಮೊದಲ ಎಸ್‌ಯುವಿಗೆ ಎತ್ತರ ಏನೂ ಕಡಿಮೆ ಇರಲಿಲ್ಲ. ಒಮ್ಮೆ ದಾರಿಗೆ ಓರೆಯಾಗಿ ಕೊರೆದಿದ್ದ ಕೊರಕಲಿಗೆ ಇಳಿಸಿದೆ. ಎಡ ಮುಂದಿನ ಚಕ್ರ, ಬಲ ಹಿಂದಿನ ಚಕ್ರ ಎರಡೂ ನೆಲ ಬಿಟ್ಟವು. ಬಗ್ಗಿ ನೋಡಿದರೆ ಹೊಟ್ಟೆ ಎಲ್ಲೂ ತಾಗಿಲ್ಲ, ಕೈ ಆಡಿಸುವಷ್ಟು ಜಾಗ ಇದೆ. ಆದರೂ ಗಾಡಿ ಅಲುಗಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಗಾಳಿಯಲ್ಲಿದ್ದ ಚಕ್ರಗಳೇ ಗಿರಗಿರ ತಿರುಗಿ ಬಾಗಿಲ ತನಕ ಕೆಸರು ಎರಚಿದವು. ನೆಲ ಕಚ್ಚಿದ್ದ ಎರಡು ಚಕ್ರ ಸುಮ್ಮನೆ ನಿಂತಿದ್ದವು. ಕಲ್ಲು ಹೊತ್ತು ತಂದು ಚಕ್ರದ ಕೆಳಗೆ ತುಂಬಿದ ಮೇಲೇ ಹೊರಬಂದದ್ದು.

ಡಿಫರೆನ್ಷಿಯಲ್ ಅಂದರೆ ಎಡ ಬಲ ಚಕ್ರಗಳಿಗೆ ಇಂಜಿನ್ ಬಲ ಹಂಚುವ ಗೇರ್. ಲಾಕ್ ಇಲ್ಲದ ಓಪನ್ ಡಿಫರೆನ್ಷಿಯಲ್ ಎರಡೂ ಬದಿಗೆ ಸಮ ಟಾರ್ಕ್ (ತಿರುಗಿಸುವ ಬಲ) ಕೊಡುತ್ತೆ. ಗಾಳಿಯಲ್ಲಿರುವ ಚಕ್ರಕ್ಕೆ ತಡೆಯೇ ಇಲ್ಲ, ಹಾಗಾಗಿ ಇನ್ನೊಂದಕ್ಕೂ ಸಿಗೋದು ಸೊನ್ನೆಗೆ ಹತ್ತಿರ. ಅದಕ್ಕೇ ಈಗ ಮೊದಲು ಎರಡೂ ಚಕ್ರ ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಮತ್ತು ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರ್ ಇದೆಯಾ ಅಂತ ನೋಡ್ತೀನಿ.

ರುಬಿಕಾನ್‌ಗೆ ಹಿಂದೆ ಮುಂದೆ ಎರಡೂ ಕಡೆ ಲಾಕ್, 4:1 ಲೋ ರೇಂಜ್, ಅಂದರೆ ಪ್ರತಿ ಗೇರೂ ಇನ್ನೂ ನಾಲ್ಕು ಪಟ್ಟು ನಿಧಾನ. ಗುಂಡಿ ಒತ್ತಿದರೆ ಮುಂದಿನ ಸ್ವೇ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು) ಬಿಟ್ಟುಕೊಳ್ಳುತ್ತೆ, ಚಕ್ರ ಇನ್ನಷ್ಟು ಕೆಳಗಿಳಿದು ನೆಲ ಮುಟ್ಟುತ್ತೆ. ಬಂಡೆ ಹತ್ತುವುದಕ್ಕೆ ಉಳಿದ ಮೂರೂ ಇದರ ಹತ್ತಿರ ಬರಲ್ಲ. ನೀರಿಗೆ ಡಿಫೆಂಡರ್: ಗಾಡಿ ಎತ್ತರಿಸುವ ಏರ್ ಸಸ್ಪೆನ್ಷನ್ ಇದ್ದರೆ 900 ಮಿ.ಮೀ. ಆಳದ ನೀರು ದಾಟುತ್ತೆ, ಫಾರ್ಚುನರ್ 700. ಫಾರ್ಚುನರ್‌ದು ಲ್ಯಾಡರ್ ಫ್ರೇಮ್ (ಏಣಿಯಂಥ ಗಟ್ಟಿ ಚೌಕಟ್ಟು), ಲೋ ರೇಂಜೂ ಇದೆ, ಒರಟು ದಾರಿಯಲ್ಲಿ ದೂರ ಹೋಗೋಕೆ ಒಳ್ಳೆಯದು. ಟ್ರೈಲ್‌ಹಾಕ್‌ಗೆ ಪ್ರತ್ಯೇಕ ಲೋ ರೇಂಜ್ ಗೇರ್ ಇಲ್ಲ, ಮೊದಲ ಗೇರ್‌ನಲ್ಲೇ 20:1 ಕ್ರಾಲ್ ರೇಶಿಯೊ, ಅಂದರೆ ಇಂಜಿನ್ 20 ಸುತ್ತಿದರೆ ಚಕ್ರ ಒಂದು ಸುತ್ತು. ಕೆಸರಿಗೆ ಸರಿ, ಬಂಡೆಗೆ ಬೇಡ.

ಇನ್ನೊಬ್ಬರು:
ಬ್ರೇಕ್‌ಓವರ್ ಆ್ಯಂಗಲ್ (ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಕೋನ) ಸಹ ನೋಡಿ. ಎತ್ತರ ಒಂದೇ ಇದ್ದರೂ ಡಿಫೆಂಡರ್ 90ಕ್ಕೆ 31 ಡಿಗ್ರಿ, ಉದ್ದದ 110ಕ್ಕೆ 28. ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ಕೂರುವುದು ಉದ್ದದ ಗಾಡಿಯೇ.

ಪ್ರಶ್ನೆ ಕೇಳಿದವರು:
ಟ್ರ್ಯಾಕ್ಷನ್ ಕಂಟ್ರೋಲ್ ಇದ್ದಮೇಲೆ ಲಾಕ್ ಯಾಕೆ?

ಮೊದಲು ಉತ್ತರಿಸಿದವರು:
ಅದು ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಟಾರ್ಕ್ ಆಚೆ ಬದಿಗೆ ತಳ್ಳುತ್ತೆ. ಆದರೆ ಚಕ್ರ ಜಾರಿದ ಮೇಲಷ್ಟೇ ಎಚ್ಚರವಾಗುತ್ತೆ. ಕರಕರ ಸದ್ದು ಬಂದ ಕೂಡಲೇ ಹೆಚ್ಚಿನವರು ಹೆದರಿ ಕಾಲು ತೆಗೀತಾರೆ. ತೆಗೀಬೇಡಿ, ಒಂದೇ ಸಮ ಒತ್ತಿ ಹಿಡಿದಿರಿ, ಎರಡು ಕ್ಷಣದಲ್ಲಿ ಹಿಡಿತ ಸಿಗುತ್ತೆ. ಲಾಕ್ ಇದ್ದರೆ ಆ ಜಾರಾಟವೇ ಇಲ್ಲ, ಕಲ್ಲಿನ ಮೇಲೆ ಇಂಚಿಂಚು ಏರಬಹುದು. ಗಟ್ಟಿ ನೆಲಕ್ಕೆ ಬಂದ ಕೂಡಲೇ ಲಾಕ್ ತೆಗೆಯಿರಿ, ಇಲ್ಲವಾದರೆ ತಿರುವಿನಲ್ಲಿ ಆ್ಯಕ್ಸಲ್ ಮೇಲೆ ಭಾರ ಬೀಳುತ್ತೆ. ಗಾಡಿ ಯಾವುದೇ ಇರಲಿ, ಕೆಸರಿಗೆ ಇಳಿಯುವ ಮುಂಚೆ ಟೈರ್ ಗಾಳಿ 20 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಮತ್ತೆ ತುಂಬಲು ಪಂಪ್ ಜೊತೆಗಿರಲಿ.