ಎಬೆದ್ಮೆಲೆಕನಿಗೆ ಸಿಕ್ಕಿದ್ದು ಅವನ ಪ್ರಾಣವೊಂದೇ ಏಕೆ?

ಪ್ರಶ್ನೆ

ಬೈಬಲಿನ ಯೆರೆಮೀಯನ ಗ್ರಂಥದ 38 ಮತ್ತು 39ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದುವಾಗಲೆಲ್ಲ ಒಂದು ಸಂಶಯ ನನ್ನನ್ನು ಕಾಡುತ್ತದೆ. ಕ್ರಿ.ಪೂ. 587ರ ಸುಮಾರಿಗೆ ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮನ್ನು ಮುತ್ತಿ, ಊರಿನಲ್ಲಿ ರೊಟ್ಟಿಯೂ ಮುಗಿಯುತ್ತಿದ್ದಾಗ, ಪ್ರಧಾನರು ಪ್ರವಾದಿ ಯೆರೆಮೀಯನನ್ನು ಕೆಸರು ತುಂಬಿದ ಬಾವಿಗೆ ಇಳಿಬಿಟ್ಟರು. ಯೆಹೂದದ ಅರಸ ಚಿದ್ಕೀಯನಂತೂ ಅವರನ್ನು ತಡೆಯಲಾರೆನೆಂದು ಮೊದಲೇ ಕೈಚೆಲ್ಲಿದ್ದನು. ಆಗ ಅರಸನ ಮುಂದೆ ನಿಂತು ಇದು ಅನ್ಯಾಯವೆಂದು ಹೇಳಿದವನು ಅರಮನೆಯ ಕಂಚುಕಿ, ಐಗುಪ್ತದ ದಕ್ಷಿಣಕ್ಕಿರುವ ಕೂಷ್ ದೇಶದ ಎಬೆದ್ಮೆಲೆಕನೊಬ್ಬನೇ. ಅವನಿಗೆ ದೇವರು ಕೊಟ್ಟ ಮಾತು, ಪಟ್ಟಣ ಬೀಳುವ ದಿನ ನಿನ್ನ ಪ್ರಾಣ ಉಳಿಯುತ್ತದೆ ಎಂಬುದಷ್ಟೆ. ಮೋಶೆಯು ಕಾನಾನಿಗೆ ಕಳುಹಿಸಿದ ಗೂಢಚಾರರಲ್ಲಿ ನಂಬಿಗಸ್ತನಾಗಿದ್ದ ಕಾಲೇಬನಿಗೆ 85ನೆಯ ವಯಸ್ಸಿನಲ್ಲಾದರೂ ಹೆಬ್ರೋನ್ ಪಟ್ಟಣ ಸಿಕ್ಕಿತು. ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಬೇಕೆಂಬ ಫರೋಹನ ಆಜ್ಞೆಯನ್ನು ಮೀರಿದ ಸೂಲಗಿತ್ತಿಯರಿಗೆ ಮನೆತನಗಳು ಬೆಳೆದವು. ಇವನಿಗೆ ಮಾತ್ರ ಇಷ್ಟು ಕಡಿಮೆ ಏಕೆ? ಶತ್ರುವಿಗೆ ಶರಣಾದವರಿಗೂ ಇದೇ ಮಾತನ್ನು ಕೊಡಲಾಗಿತ್ತಲ್ಲ (38:2)!

ಉತ್ತರ 1

ತಾವು ಕಡಿಮೆಯೆನ್ನುತ್ತಿರುವ ಆ ಮಾತಿನಲ್ಲಿ ಒಂದು ವ್ಯಂಗ್ಯವಿದೆ. ಮೂಲದಲ್ಲಿರುವ ಹೀಬ್ರೂ ಪದ 'ಶಾಲಾಲ್', ಅಂದರೆ ಯುದ್ಧದಲ್ಲಿ ಗೆದ್ದವರು ಹೊತ್ತೊಯ್ಯುವ ಕೊಳ್ಳೆ. ನಿನ್ನ ಪ್ರಾಣವೇ ನಿನಗೆ ಕೊಳ್ಳೆಯಾಗುವುದು ಎಂಬ ಈ ನುಡಿಗಟ್ಟು ಯೆರೆಮೀಯನ ಗ್ರಂಥದಲ್ಲಿ ನಾಲ್ಕು ಕಡೆ ಬರುತ್ತದೆ. ಊರನ್ನೆಲ್ಲ ಬಾಬೆಲಿನವರು ಸೂರೆ ಮಾಡುವ ದಿನ, ಸೋತವರ ನಡುವೆ ಇರುವ ಈ ಪರದೇಶಿಯೂ ತನ್ನ ಪಾಲಿನ ಕೊಳ್ಳೆಯೊಂದನ್ನು ಎತ್ತಿಕೊಂಡು ಹೋಗುತ್ತಾನೆ. ಶರಣಾದವರು ಗೋಡೆ ದಾಟಿ ಹೋಗಿ ಪ್ರಾಣ ಉಳಿಸಿಕೊಳ್ಳಬೇಕಿತ್ತು. ಇವನಿಗೆ ಅಂಥ ಷರತ್ತನ್ನು ಯಾರೂ ಹಾಕಲಿಲ್ಲ. ಅದೇ ಹೊತ್ತಿಗೆ ಚಿದ್ಕೀಯನಿಗೆ ಆದದ್ದನ್ನು ಪಕ್ಕದಲ್ಲಿಟ್ಟು ನೋಡಿ: ಬಾಬೆಲಿನ ಅರಸನಿದ್ದ ರಿಬ್ಲದಲ್ಲಿ ಅವನ ಕಣ್ಣೆದುರೇ ಮಕ್ಕಳನ್ನು ಕೊಂದು, ಆಮೇಲೆ ಆ ಕಣ್ಣುಗಳನ್ನು ಕಿತ್ತರು.

ಉತ್ತರ 2

ಪ್ರತಿಫಲವನ್ನು ಅಳೆಯುವ ಮೊದಲು ಅವನು ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕೆಂದು ನನಗನ್ನಿಸುತ್ತದೆ. ಯೆರೆಮೀಯನನ್ನು ಬಾವಿಯಿಂದ ಮೇಲೆತ್ತಲು ಅವನು ಹಗ್ಗವನ್ನು ಮಾತ್ರ ತರಲಿಲ್ಲ. ಬೊಕ್ಕಸದ ಕೆಳಗಿನ ಕೋಣೆಗೆ ಹೋಗಿ ಹರಕು ಬಟ್ಟೆಗಳನ್ನೂ ಚಿಂದಿಗಳನ್ನೂ ಆಯ್ದು ತಂದು, ಹಗ್ಗದ ಜೊತೆಗೆ ಕೆಳಗೆ ಬಿಟ್ಟು, ಅವನ್ನು ಕಂಕುಳಿಗೆ ಇಟ್ಟುಕೊಂಡು ಅದರ ಮೇಲೆ ಹಗ್ಗ ಹಾಕಿಕೊಳ್ಳಲು ಯೆರೆಮೀಯನಿಗೆ ಹೇಳಿದನು. ಕೆಸರಿನಲ್ಲಿ ಹೂತ ಮೈಯನ್ನು ಮೇಲಕ್ಕೆ ಎಳೆಯುವಾಗ ಬರಿಯ ಹಗ್ಗ ಚರ್ಮವನ್ನು ಹೇಗೆ ಕೊಯ್ಯುತ್ತದೆಂಬುದು ಬಾವಿಗೆ ಇಳಿದವರಿಗೆ ಗೊತ್ತು. ಇಷ್ಟಾಗಿ ಅವನು ಅಂಜದವನೇನೂ ಅಲ್ಲ. ನೀನು ಹೆದರುವ ಜನರ ಕೈಗೆ ನಿನ್ನನ್ನು ಒಪ್ಪಿಸುವುದಿಲ್ಲ ಎಂದು 39:17 ಹೇಳುತ್ತದೆ. ಆ ಜನರು ಬಾಬೆಲಿನವರೋ ಅಥವಾ ಸೇಡಿಗೆ ಕಾದಿದ್ದ ಪ್ರಧಾನರೋ ಎಂಬುದು ಅಲ್ಲಿ ಸ್ಪಷ್ಟವಿಲ್ಲ. ನನಗಂತೂ ಎರಡನೆಯದೇ ಸರಿ ಎನಿಸುತ್ತದೆ, ಏಕೆಂದರೆ ಅವನು ಎದುರು ಹಾಕಿಕೊಂಡದ್ದು ಅವರನ್ನೇ. ಕಾರಣವನ್ನು ಹೇಳುವಾಗಲೂ ವಚನವು ಧೈರ್ಯದ ಮಾತನ್ನೆತ್ತದೆ, ನನ್ನಲ್ಲಿ ಭರವಸವಿಟ್ಟೆ ಎಂದಷ್ಟೇ ಹೇಳುತ್ತದೆ.

ಉತ್ತರ 3

ಕಾಲೇಬನ ಹೋಲಿಕೆಗೆ ನನ್ನದೊಂದು ತಕರಾರಿದೆ. ಕಾಲೇಬನು ನಾಡಿನೊಳಗೆ ಕಾಲಿಡುವ ಕಾಲದವನು, ಹಂಚಲು ನೆಲವಿತ್ತು. ಎಬೆದ್ಮೆಲೆಕನು ಆ ನಾಡೇ ಕೈತಪ್ಪಿ ಹೋಗುವ ಕಾಲದವನು. 45ನೆಯ ಅಧ್ಯಾಯವನ್ನೂ ನೋಡಿ. ಪ್ರವಾದಿಯ ಮಾತುಗಳನ್ನು ಬರೆದುಕೊಂಡ ಬಾರೂಕನು ಗೋಳಾಡಿದಾಗ, ಮಹತ್ತಾದವುಗಳನ್ನು ಬಯಸಬೇಡವೆಂದು ಹೇಳಿ, ಇದೇ ಕೊಳ್ಳೆಯ ಮಾತನ್ನೇ ಅವನಿಗೂ ಕೊಡಲಾಯಿತು. ಪ್ರವಾದಿಯ ಸ್ವಂತ ಲಿಪಿಕಾರನಿಗೆ ಎಷ್ಟೋ, ಹೊರನಾಡಿನ ಕಂಚುಕಿಗೂ ಅಷ್ಟೇ!

ಪ್ರಶ್ನೆ ಕೇಳಿದವರು

ಬಾರೂಕನ ವಿಷಯ ನನಗೆ ಹೊಳೆದಿರಲಿಲ್ಲ, ಧನ್ಯವಾದಗಳು. ಆದರೂ ಒಂದು ಕೊರಗು ಉಳಿದಿದೆ. ಯೆರೆಮೀಯನನ್ನು ಬಾಬೆಲಿನ ಕಾವಲುದಂಡಿನ ಅಧಿಪತಿ ನೆಬೂಜರದಾನನು ಬುತ್ತಿಯನ್ನೂ ಉಡುಗೊರೆಯನ್ನೂ ಕೊಟ್ಟು ಕಳುಹಿಸಿದನೆಂದು 40ನೆಯ ಅಧ್ಯಾಯ ಹೇಳುತ್ತದೆ, ಆದರೆ ಎಬೆದ್ಮೆಲೆಕನು ಯಾವ ಬಾಗಿಲಿನಿಂದ ಹೊರಬಂದನೆಂದು ಎಲ್ಲೂ ಇಲ್ಲ. 'ಅರಸನ ಸೇವಕ' ಎಂಬ ಅರ್ಥದ ಆ ಹೆಸರು ಕೂಡ ಅವನದೋ, ಅವನ ಹುದ್ದೆಯದೋ!