ಲೇತ್‌ಗೆ ವಿಎಫ್‌ಡಿ ಹಾಕಿದವರು ಇದ್ದೀರಾ?

ಪ್ರಶ್ನೆ, ಉಡುಪಿಯಿಂದ:
ಶೆಡ್ಡಿನಲ್ಲಿ ಹಳೆಯ ಸಣ್ಣ ಲೇತ್ (ಲೋಹ ಕಡೆಯುವ ಯಂತ್ರ) ಇದೆ. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, ಸ್ಟೆಪ್ ಪುಲ್ಲಿ, ಬ್ಯಾಕ್ ಗೇರ್ (ಸ್ಪೀಡ್ ಇಳಿಸಿ ಬಲ ಹೆಚ್ಚಿಸುವ ಗೇರ್). ಸ್ಪೀಡ್ ಬದಲಿಸಲು ಪ್ರತಿ ಸಲ ಬೆಲ್ಟ್ ಎತ್ತಿ ಕೂರಿಸಬೇಕು. ಈ ಮೋಟಾರಿಗೇ ವಿಎಫ್‌ಡಿ (ಕರೆಂಟಿನ ಹರ್ಟ್ಜ್ ಬದಲಿಸಿ ಮೋಟಾರಿನ ಸ್ಪೀಡ್ ಬದಲಿಸುವ ಡ್ರೈವ್) ಹಾಕಿ, ನಾಬ್ ತಿರುಗಿಸಿ ಸ್ಪೀಡ್ ಬದಲಿಸುವ ಹಾಗೆ ಮಾಡಬಹುದಾ? ಮನೆಗೆ ತ್ರೀ ಫೇಸ್ ಇಲ್ಲ.

ಬೈಕಂಪಾಡಿಯಿಂದ:
ಆ ಮೋಟಾರಿಗೆ ಬೇಡ ಮಾರಾಯ್ರೇ. ಕೆಪಾಸಿಟರ್ ಸ್ಟಾರ್ಟ್ ಮೋಟಾರಿನ ಒಳಗೆ, ಸ್ಪೀಡ್ ಬಂದ ಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನು ಬಿಡಿಸುವ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ. ಸ್ಪೀಡ್ ತುಂಬ ಇಳಿಸಿದರೆ ಅದು ಮತ್ತೆ ಕೂಡಿಕೊಳ್ಳುತ್ತದೆ. ಸ್ಟಾರ್ಟಿಂಗ್ ವೈಂಡಿಂಗ್‌ಗೆ ಕರೆಂಟ್ ಹೋಗುತ್ತಲೇ ಇದ್ದು ಕೆಪಾಸಿಟರೋ ವೈಂಡಿಂಗೋ ಸುಟ್ಟುಹೋಗುತ್ತದೆ.

ತ್ರೀ ಫೇಸ್ ಮೋಟಾರ್ ಹಾಕಿ. ಮನೆಯ 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟ್ ತ್ರೀ ಫೇಸ್ ಕೊಡುವ ಡ್ರೈವ್ ಸಿಗುತ್ತದೆ. ಆದರೆ ನಮ್ಮಲ್ಲಿ 1 ಎಚ್‌ಪಿ ತ್ರೀ ಫೇಸ್ ಮೋಟಾರ್ ಸಾಮಾನ್ಯವಾಗಿ 415 ವೋಲ್ಟ್‌ಗೆ, ಸ್ಟಾರ್ ಕನೆಕ್ಷನ್‌ನಲ್ಲಿ (ಮೂರೂ ವೈಂಡಿಂಗ್‌ನ ಒಂದೊಂದು ತುದಿ ಒಂದೇ ಕಡೆ ಸೇರಿಸಿದ್ದು) ಬರುತ್ತದೆ. ಅದನ್ನು ಡೆಲ್ಟಾ (ವೈಂಡಿಂಗ್‌ಗಳನ್ನು ತ್ರಿಕೋನದ ಹಾಗೆ ಸೇರಿಸಿದ್ದು) ಮಾಡಲೇಬೇಕು, ಇಲ್ಲದಿದ್ದರೆ ಮೋಟಾರಿಗೆ ಶಕ್ತಿಯೇ ಇರುವುದಿಲ್ಲ. ಟರ್ಮಿನಲ್ ಬಾಕ್ಸಿನಲ್ಲಿ ಆರು ತುದಿ ಇದ್ದರೆ ಪಟ್ಟಿ ಬದಲಿಸಿದರಾಯಿತು. ಮೂರೇ ಇದ್ದರೆ ವೈಂಡಿಂಗ್ ಅಂಗಡಿಯಲ್ಲಿ ಒಳಗಿನ ಸ್ಟಾರ್ ಜಾಯಿಂಟ್ ಬಿಡಿಸಿ ಉಳಿದ ಮೂರನ್ನೂ ಹೊರಗೆ ತೆಗೆಸಿ. ಡೆಲ್ಟಾದಲ್ಲಿ ಕರೆಂಟ್, ಮೋಟಾರಿನ ನೇಮ್ ಪ್ಲೇಟಿನಲ್ಲಿರುವ ಸ್ಟಾರ್ ಆಂಪ್‌ನ 1.73 ಪಟ್ಟು ಆಗುತ್ತದೆ. ಡ್ರೈವ್ ಸೆಟ್ಟಿಂಗ್‌ಗೆ ಆ ಅಂಕಿ ಕೊಡಿ.

ಲೇತಿನ ಹಳೆಯ ಫಾರ್ವರ್ಡ್–ರಿವರ್ಸ್ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟಾರ್ ನಡುವೆ ಇಡಬೇಡಿ. ಓಡುವಾಗ ಅದನ್ನು ತಿರುಗಿಸಿದರೆ ಡ್ರೈವ್ ಹಾಳಾಗಬಹುದು. ಅದರ ವೈರನ್ನು ಡ್ರೈವಿನ ಕಂಟ್ರೋಲ್ ಟರ್ಮಿನಲ್‌ಗೆ ಕೊಡಿ.

ಮಣಿಪಾಲದಿಂದ:
ಮೇಲಿನವರು ಹೇಳಿದ್ದು ಸರಿ. ನಾನು ಸೇರಿಸುವುದು ಇಷ್ಟೇ: ಬೆಲ್ಟನ್ನೂ ಬ್ಯಾಕ್ ಗೇರನ್ನೂ ಉಳಿಸಿಕೊಳ್ಳಿ. 10 ಹರ್ಟ್ಜ್‌ಗೆ ಇಳಿಸಿದರೆ ಮೋಟಾರಿನ ಶಕ್ತಿ ಸುಮಾರು ಐದನೇ ಒಂದು ಭಾಗಕ್ಕೆ ಬರುತ್ತದೆ. ಅದರ ಫ್ಯಾನೂ ಶಾಫ್ಟ್ ಮೇಲೇ ಇರುವುದರಿಂದ ಗಾಳಿ ಕಡಿಮೆಯಾಗಿ ಬಿಸಿ ಜಾಸ್ತಿ ಆಗುತ್ತದೆ. ದಪ್ಪ ಜಾಬ್ (ಕಡೆಯುವ ತುಂಡು), ದೊಡ್ಡ ಡ್ರಿಲ್ ಇದ್ದರೆ ಬ್ಯಾಕ್ ಗೇರೇ ಬೇಕು. ನಾನು ಬೆಲ್ಟನ್ನು ನಡುವಿನ ಪುಲ್ಲಿಯಲ್ಲಿ ಬಿಟ್ಟು 25ರಿಂದ 70 ಹರ್ಟ್ಜ್ ಒಳಗೆ ಓಡಿಸುತ್ತೇನೆ.

ನಾಬ್‌ನ ನಿಜವಾದ ಸುಖ ಫೇಸಿಂಗ್‌ನಲ್ಲಿ (ಜಾಬ್‌ನ ಮುಖವನ್ನು ಹೊರಗಿನಿಂದ ನಡುವಿನ ಕಡೆಗೆ ಕಡೆಯುವುದು) ಗೊತ್ತಾಗುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್, ಮೈಲ್ಡ್ ಸ್ಟೀಲ್, ನಿಮಿಷಕ್ಕೆ 25 ಮೀಟರ್ ಲೆಕ್ಕ ಹಿಡಿದರೆ 75 ಮಿ.ಮೀ. ವ್ಯಾಸದಲ್ಲಿ ಸುಮಾರು 106 ಆರ್‌ಪಿಎಂ ಬೇಕು, 25 ಮಿ.ಮೀ.ಗೆ ಬಂದಾಗ 318. ಟೂಲ್ ಒಳಗೆ ಹೋದ ಹಾಗೆ ನಾಬ್ ಏರಿಸುತ್ತಾ ಹೋದರೆ ಫಿನಿಶ್ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ! ಟೂಲ್ ನಡುಗಿ ಸದ್ದು ಮಾಡಿದರೂ ಸ್ಪೀಡ್ ಸ್ವಲ್ಪ ಆಚೀಚೆ ಮಾಡಿದಾಗ ಎಷ್ಟೋ ಸಲ ನಿಲ್ಲುತ್ತದೆ.

ಸುರತ್ಕಲ್‌ನಿಂದ:
ಚಕ್ (ಜಾಬ್ ಹಿಡಿಯುವ ಭಾಗ) ಸ್ಪಿಂಡಲ್‌ಗೆ ಥ್ರೆಡ್‌ನಲ್ಲಿ ಕೂರುವುದಾದರೆ ಬೇಗ ಬ್ರೇಕ್ ಆಗುವ ಹಾಗೆ ಸೆಟ್ ಮಾಡಬೇಡಿ. ತಟ್ಟನೆ ನಿಂತರೆ ಚಕ್ ಬಿಚ್ಚಿ ಹಾರಬಹುದು. ರಿವರ್ಸ್‌ನಲ್ಲೂ ಅದೇ ಅಪಾಯ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಮಾಮೂಲಿ ಅಲ್ವಾ? ವಾಪಸ್ ಬಂದಾಗ ಲೇತ್ ತನ್ನಿಂದ ತಾನೇ ತಿರುಗಬಾರದು. ಸ್ಟಾರ್ಟ್–ಸ್ಟಾಪ್ ಪುಶ್ ಬಟನ್ ಹಾಕಿ, ಆಟೋ ರೀಸ್ಟಾರ್ಟ್ ಆಫ್ ಮಾಡಿ. ಇಲ್ಲಿನ ಉಪ್ಪುಗಾಳಿಯೂ ಕಬ್ಬಿಣದ ಚೂರೂ ಡ್ರೈವಿಗೆ ಆಗುವುದಿಲ್ಲ. ಬಿಸಿ ಹೊರಗೆ ಹೋಗುವಷ್ಟು ದೊಡ್ಡ ಬಾಕ್ಸಿನಲ್ಲಿಟ್ಟು ಚಕ್‌ನಿಂದ ದೂರ ಗೋಡೆಗೆ ಹಾಕಿ. ಅರ್ತಿಂಗ್ ಸರಿಯಾಗಿರಲಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ, ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು ಮುಚ್ಚಳ ತೆಗೆಯಿರಿ.

ಉಡುಪಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ನನ್ನದು ಥ್ರೆಡ್ ಚಕ್ಕೇ. ಒಂದು ಸೆಕೆಂಡ್ ಹ್ಯಾಂಡ್ ತ್ರೀ ಫೇಸ್ ಮೋಟಾರ್ ನೋಡಿಟ್ಟಿದ್ದೇನೆ.

ಬೈಕಂಪಾಡಿಯಿಂದ:
ದುಡ್ಡು ಕೊಡುವ ಮೊದಲು ಟರ್ಮಿನಲ್ ಬಾಕ್ಸ್ ತೆಗೆಸಿ ನೋಡಿ. ಪ್ಲೇಟಿನ ಫೋಟೋ ಕಳಿಸಿ, ಕನೆಕ್ಷನ್ ನಾನು ಬರೆದು ಕೊಡುತ್ತೇನೆ.