ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್‌ನಲ್ಲಿ ಹಿಂದಿನ ಕಮಾಂಡ್ ಮತ್ತೆ ಓಡಿಸೋಕೆ ಸುಲಭದ ದಾರಿ ಯಾವುದು?

ಕೊಡಿಗೇಹಳ್ಳಿ ಕೋಡರ್: ಒಂದು ಸಿಎಸ್‌ವಿ ಫೈಲ್ ತಿದ್ದುತ್ತಿದ್ದೇನೆ. ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಮಾತ್ರ ಕಾಮಾಗಳನ್ನೆಲ್ಲ ಸೆಮಿಕೋಲನ್ ಮಾಡಬೇಕು. ಹುಡುಕಿ ಬದಲಾಯಿಸುವ ಸಬ್‌ಸ್ಟಿಟ್ಯೂಟ್ ಕಮಾಂಡ್ ಒಮ್ಮೆ ಬರೆದೆ, ಸಾಲಿನ ಎಲ್ಲ ಕಾಮಾಗಳಿಗೂ ಅನ್ವಯಿಸಲಿ ಅಂತ ‘ಜಿ’ ಫ್ಲಾಗ್ ಸಮೇತ. ಆಮೇಲೆ ಪ್ರತಿ ಸಾಲಿಗೂ ಕೋಲನ್, ಮೇಲಿನ ಬಾಣ, ಎಂಟರ್. ಬೇರೆ ದಾರಿ ಇದೆಯಾ?

ಡಾಟ್ ಭಕ್ತ: ಡಾಟ್ ಒತ್ತಿ ಸಾರ್. ಒಂದೇ ಕೀ. ವಿಮ್‌ಗೂ ಮುಂಚೆ ಬಿಲ್ ಜಾಯ್ ಬರೆದ ವಿಐ ಎಡಿಟರ್‌ನಲ್ಲೇ ಇತ್ತು.

ಹಳೇ ಟರ್ಮಿನಲ್: ಡಾಟ್ ಮತ್ತೆ ಮಾಡುವುದು ನಾರ್ಮಲ್ ಮೋಡ್‌ನ ಬದಲಾವಣೆಯನ್ನು. ಕೋಲನ್ ಒತ್ತಿ ಬರೆದ ಕಮಾಂಡ್ ಅದರ ಲೆಕ್ಕಕ್ಕೇ ಬರುವುದಿಲ್ಲ. ನಿಮಗೆ ಬೇಕಾದ್ದು `@:`. ಒಮ್ಮೆ ಒತ್ತಿದ ಮೇಲೆ `@@` ಅಂದರೂ ಆಗುತ್ತದೆ. ಎರಡೇ ಕೀ.

ಡಾಟ್ ಭಕ್ತ: “ಎರಡೇ ಕೀ”? ಶಿಫ್ಟ್ ಯಾರು ಒತ್ತುತ್ತಾರೆ, ನಿಮ್ಮ ಭಾವನಾ? ಶಿಫ್ಟ್ ಮತ್ತು 2, ಶಿಫ್ಟ್ ಮತ್ತು ಸೆಮಿಕೋಲನ್. ನಾಲ್ಕಾಯ್ತು.

ಹಳೇ ಟರ್ಮಿನಲ್: ಶಿಫ್ಟ್ ಬಿಡದೆ ಹಿಡಿದರೆ ಮೂರು.

ಡಾಟ್ ಭಕ್ತ: ನೋಡಿ, ಎರಡು ಇದ್ದದ್ದು ಮೂರಾಯ್ತು!

ಮ್ಯಾಂಚೆಸ್ಟರ್ ಮಾವ: ಶಿಫ್ಟ್ ಮತ್ತು 2 ಅಂತ ಯಾರು ಹೇಳಿದ್ದು? ಬ್ರಿಟಿಷ್ ಕೀಬೋರ್ಡ್ ಲೇಔಟ್‌ನಲ್ಲಿ ಅಲ್ಲಿ ಡಬಲ್ ಕೋಟ್ ಬರುತ್ತದೆ. `@` ಇರುವುದು ಸೆಮಿಕೋಲನ್ ಪಕ್ಕದಲ್ಲೇ. ಬೆರಳು ಒಂದು ಕೀ ಸರಿದರೆ ಮುಗೀತು.

ಡಾಟ್ ಭಕ್ತ: ಕೇಳಿದವರು ಕೊಡಿಗೇಹಳ್ಳಿಯಲ್ಲಿದ್ದಾರೆ ಸ್ವಾಮಿ. ಇಲ್ಲಿ ಸಿಗುವ ಲ್ಯಾಪ್‌ಟಾಪ್ ಹೆಚ್ಚಾಗಿ ಅಮೆರಿಕನ್ ಲೇಔಟ್‌ನದೇ.

ಮ್ಯಾಂಚೆಸ್ಟರ್ ಮಾವ: “ಸಿಗುವ ಲ್ಯಾಪ್‌ಟಾಪ್” ಅಂತೆ. ಸೆಟ್ಟಿಂಗ್ಸ್‌ಗೆ ಹೋಗಿ ಲೇಔಟ್ ಬದಲಾಯಿಸೋಕೆ ಏನು ಕಷ್ಟ?

ಡಾಟ್ ಭಕ್ತ: ಕೀ ಮೇಲೆ ಅಚ್ಚಾಗಿರುವ ಅಕ್ಷರ ನೀವು ಬಂದು ಬದಲಾಯಿಸಿಕೊಡ್ತೀರಾ?

ಈಮ್ಯಾಕ್ಸ್ ಈರಣ್ಣ: ಅಯ್ಯೋ ಪಾಪ. ನಮ್ಮ ಈಮ್ಯಾಕ್ಸ್ ಎಡಿಟರ್‌ನಲ್ಲಿ ಕಂಟ್ರೋಲ್-ಎಕ್ಸ್, ಆಮೇಲೆ ಝಡ್. ಮತ್ತೆ ಬೇಕಾದರೆ ಬರೀ ಝಡ್. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಕೊನೆಯ ಕೀ ಮಾತ್ರ ಒತ್ತಿ ಮತ್ತೆ ಮಾಡಿಸುವ ರಿಪೀಟ್-ಮೋಡ್ ಕೂಡ ಇದೆ.

ಹಳೇ ಟರ್ಮಿನಲ್: ಕಂಟ್ರೋಲ್ ಒತ್ತಿ ಒತ್ತಿ ಕಿರುಬೆರಳು ಇನ್ನೂ ಉಳಿದಿದೆಯಾ ಈರಣ್ಣ?

ಅನು_ಶೆಲ್: ಇಷ್ಟೆಲ್ಲ ಯಾಕೆ? ಹಿಂದಿನ ಸಬ್‌ಸ್ಟಿಟ್ಯೂಟ್ ಮತ್ತೆ ಮಾಡೋಕೆ ಅಂತಲೇ `&` ಇದೆ. ಹೆಲ್ಪ್‌ನಲ್ಲೇ ಬರೆದಿದೆ.

ಹಳೇ ಟರ್ಮಿನಲ್: ಅದೇ ಹೆಲ್ಪ್‌ನಲ್ಲಿ ಮುಂದೆ ಬರೆದಿರುವುದನ್ನೂ ಓದಿ ಮೇಡಂ. ಫ್ಲಾಗ್ ನೆನಪಿರುವುದಿಲ್ಲ ಅಂತಿದೆ. ‘ಜಿ’ ಬಿದ್ದುಹೋಗುತ್ತದೆ. ಸಾಲಿನ ಮೊದಲ ಕಾಮಾ ಮಾತ್ರ ಬದಲಾಗಿ ಉಳಿದವು ಹಾಗೇ ಇರುತ್ತವೆ.

ಅನು_ಶೆಲ್: ವಿಮ್‌ನಿಂದ ಕವಲೊಡೆದ ನಿಯೋವಿಮ್‌ನಲ್ಲಿ ಫ್ಲಾಗ್ ಉಳಿಯುತ್ತದೆ. ಡೀಫಾಲ್ಟ್ ಮ್ಯಾಪಿಂಗ್ ನೋಡಿ.

ಹಳೇ ಟರ್ಮಿನಲ್: ಅವರು ಕೇಳಿದ್ದು ವಿಮ್.

ಅನು_ಶೆಲ್: ನಿಯೋವಿಮ್ ಹುಟ್ಟುವ ಮುಂಚಿನ 2013ರಲ್ಲೇ ನಿಂತವರ ಜೊತೆ ಮಾತಾಡಿ ಪ್ರಯೋಜನ ಇಲ್ಲ ಬಿಡಿ.

ಮ್ಯಾಂಚೆಸ್ಟರ್ ಮಾವ: ಅಂದ ಹಾಗೆ `&` ಕೂಡ ಶಿಫ್ಟ್ ಇಲ್ಲದೆ ಬರುವುದಿಲ್ಲ. ಅದನ್ನು ಯಾಕೆ ಯಾರೂ ಎಣಿಸಲಿಲ್ಲ?

ಕೊಡಿಗೇಹಳ್ಳಿ ಕೋಡರ್: `@:` ಕೆಲಸ ಮಾಡಿತು. ಆದರೆ ಕಾಮಾ ಇಲ್ಲದ ಸಾಲಿಗೆ ಬಂದರೆ ಪ್ಯಾಟರ್ನ್ ಸಿಗಲಿಲ್ಲ ಅಂತ ಎರರ್ ಬರ್ತಿದೆ.

ಹಳೇ ಟರ್ಮಿನಲ್: ‘ಜಿ’ ಜೊತೆ ‘ಇ’ ಫ್ಲಾಗ್ ಸೇರಿಸಿ. ಸುಮ್ನಾಗುತ್ತದೆ.

ಡಾಟ್ ಭಕ್ತ: ನಾರ್ಮಲ್ ಮೋಡ್‌ನಲ್ಲಿ ಬ್ಯಾಕ್‌ಸ್ಪೇಸ್‌ಗೆ `@:` ಮ್ಯಾಪ್ ಮಾಡಿಕೊಳ್ಳಿ. ಒಂದೇ ಕೀ. ನಾನು ಮೊದಲೇ ಹೇಳಿದ್ದೆ.

ಹಳೇ ಟರ್ಮಿನಲ್: ನೀವು ಹೇಳಿದ್ದು ಡಾಟ್.

ಡಾಟ್ ಭಕ್ತ: ಒಂದೇ ಕೀ ಅಂತ ಹೇಳಿದ್ದೆನೋ ಇಲ್ಲವೋ?